ಡೈನಮೋ ಕಾಲದ ವೈರು

1983ರ ಬೇಸಿಗೆ ರಜೆ. ಆಗ ನಾನು ನಂಜನಗೂಡಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಮಾವನವರು ಕೊಟ್ಟ ಹಳೆಯ ಕಾರೊಂದಿತ್ತು. ಅದರ ಡೈನಮೋ ಬ್ಯಾಟರಿಯನ್ನು ಸರಿಯಾಗಿ ಚಾರ್ಜ್ ಮಾಡುತ್ತಿರಲಿಲ್ಲ. ಅದನ್ನು ತೆಗೆಸಿ ಆಲ್ಟರ್ನೇಟರ್ ಹಾಕಿಸಲು ಎಲೆಕ್ಟ್ರಿಷಿಯನ್ ಸಿದ್ದಣ್ಣನ ಶೆಡ್ಡಿನಲ್ಲಿ ಕಾರು ಬಿಟ್ಟೆ.

ಸಂಜೆ ಹೋದಾಗ ಅವನು ಬಾನೆಟ್ಟಿನೊಳಗಿನಿಂದ ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುವ ವೈರನ್ನು ಬೆರಳಿನಲ್ಲಿ ಎತ್ತಿ ತೋರಿಸಿದ. "ಇದು ಡೈನಮೋ ಕಾಲದ್ದು ಮೇಷ್ಟ್ರೇ. ಆಲ್ಟರ್ನೇಟರ್ ಕೊಡೋ ಜಾಸ್ತಿ ಕರೆಂಟ್‌ನ ತಡ್ಕಳಲ್ಲ, ಕಾದು ಸುಟ್ಟೋಯ್ತದೆ. ದಪ್ಪಂದು ಮೈಸೂರಿಂದ ತರ್ಬೇಕು. ಎರಡು ದಿನ ಬುಡಿ."

ಮರುದಿನವೇ ಅಮ್ಮನನ್ನು ತಿ. ನರಸೀಪುರಕ್ಕೆ, ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಕರೆದೊಯ್ಯಬೇಕಿತ್ತು. "ಒಂದು ದಿನಕ್ಕೆ ಏನಾಗುತ್ತೆ? ಅದನ್ನೇ ಸೇರಿಸಪ್ಪ" ಎಂದೆ.

"ಏನಾರಾ ಆದ್ರೆ ನಿಮ್ಮನ್ನೇ ಬೆಂಚ್ ಮ್ಯಾಲೆ ನಿಲ್ಲಿಸ್ತೀನಿ ಕಣ್ರೀ" ಎಂದು ನಗುತ್ತಲೇ ಸೇರಿಸಿಕೊಟ್ಟ.

ಬೆಳಿಗ್ಗೆ ಹೊರಟಾಗ ಚಾರ್ಜ್ ತೋರಿಸುವ ಮೀಟರಿನ ಮುಳ್ಳು ಪೂರ್ತಿಯಾಗಿ ಪ್ಲಸ್ ಕಡೆಗೆ ವಾಲಿ ನಿಂತಿತ್ತು. ಹಿಂದೆಂದೂ ಅದು ಅಷ್ಟು ದೂರ ಹೋದದ್ದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಮ್ಮನಿಗೆ ಹೆಮ್ಮೆಯಿಂದ ತೋರಿಸಿದೆ. ಅರ್ಧ ದಾರಿಯಲ್ಲಿ ಅಮ್ಮ, "ಏನೋ ಸುಟ್ಟ ವಾಸನೆ ಕಣೋ" ಎಂದರು. ರಸ್ತೆ ಬದಿಯಲ್ಲಿ ಆಲೆಮನೆಯೊಂದು ಹೊಗೆಯಾಡುತ್ತಿತ್ತು. "ಬೆಲ್ಲ ಕಾಯಿಸ್ತಿದಾರಮ್ಮ" ಎಂದು ಮುಂದೆ ಓಡಿಸಿದೆ.

ಸ್ವಲ್ಪ ದೂರದಲ್ಲೇ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಬೆಂಕಿ ಬಂತು. ವೈರಿನ ಕರಗಿದ ರಬ್ಬರು ಅಮ್ಮನ ಪಾದಗಳ ಮೇಲೆ ಬಿತ್ತು. ಸೀರೆ ಹತ್ತಿಕೊಂಡಿತು. ಕಾರು ನಿಲ್ಲಿಸಿ ಇಳಿದು ಆ ಕಡೆ ಓಡಿದೆ. ಅವರ ಕಡೆಯ ಬಾಗಿಲು ತೆರೆಯಲಿಲ್ಲ. ಕಬ್ಬು ಕಡಿಯುತ್ತಿದ್ದವನೊಬ್ಬ ಓಡಿ ಬಂದು, "ಆ ಕಡಿಂದ ಎಳ್ಕಳಿ ಸಾ, ನಿಂತ್ಕಂಡ್ ಏನ್ ನೋಡ್ತೀರಿ!" ಎಂದು ಗದರಿದ. ನನ್ನ ಸೀಟಿನ ಮೇಲಿಂದ ಇಬ್ಬರೂ ಎಳೆದೆವು. ಅವನು ತನ್ನ ಟವೆಲ್ಲಿನಿಂದ ಬಡಿದು ಸೀರೆಯ ಬೆಂಕಿ ಆರಿಸಿದ. ಅವನ ಹೆಸರನ್ನೂ ನಾನು ಕೇಳಲಿಲ್ಲ.

ಅಮ್ಮ ಉಳಿದರು. ಆದರೆ ಬದುಕಿದ್ದ ಆರು ವರ್ಷವೂ ಗೋಡೆ ಹಿಡಿಯದೆ ನಡೆಯಲಿಲ್ಲ.

ವಾರದ ನಂತರ ನಮ್ಮಣ್ಣ ನನ್ನನ್ನೂ ಕರೆದುಕೊಂಡು ಶೆಡ್ಡಿಗೆ ಹೋಗಿ, ಜನರ ಮುಂದೆ ಸಿದ್ದಣ್ಣನ ಕೊರಳಪಟ್ಟಿ ಹಿಡಿದ. "ಕೆಲ್ಸ ಬರದಿದ್ರೆ ಯಾಕೋ ಮಾಡ್ತೀಯ?"

ಸಿದ್ದಣ್ಣ ನನ್ನ ಮುಖವನ್ನೇ ನೋಡಿದ. ನಾನು ನೆಲ ನೋಡಿದೆ. ಅವನು ಅಣ್ಣನ ಕಡೆ ತಿರುಗಿ, "ತಪ್ಪಾಯ್ತು ಬುಡಿ ಸಾ" ಎಂದ. ಆಮೇಲೆ ಅವನ ಹತ್ತಿರ ಕಾರುಗಳು ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಶೆಡ್ಡು ಮುಚ್ಚಿತ್ತು.

ಅಮ್ಮ ಒಮ್ಮೆ ಕೇಳಿದ್ದರು, "ಯಾಕೋ ಹಾಗಾಯ್ತು?" "ವೈರು ಹಳೇದಿತ್ತಮ್ಮ" ಎಂದೆ. ಅದನ್ನೇ ಸೇರಿಸು ಎಂದವನು ಯಾರೆಂದು ಹೇಳಲಿಲ್ಲ.

ಆ ರಜೆ ಮುಗಿದು ಶಾಲೆಗೆ ಹೋದ ಮೇಲೆ, ನಿವೃತ್ತಿಯಾಗುವವರೆಗೂ, ಯಾವ ಹುಡುಗನನ್ನೂ ಬೆಂಚಿನ ಮೇಲೆ ನಿಲ್ಲಿಸಲು ನನ್ನಿಂದ ಆಗಲಿಲ್ಲ.