ಕಂಡಕ್ಟರನನ್ನು ಹೆಸರು ಹಿಡಿದು ಕರೆದವರು

ದೆವ್ವ-ಗಿವ್ವ ನಂಬಿದವನಲ್ಲ ನಾನು. ಕಂಡಕ್ಟರ್ ಆಗಿದ್ದಾಗ, ರಾತ್ರಿ ಹಳ್ಳಿಯಲ್ಲೇ ತಂಗುವ ವಸ್ತಿ ಬಸ್ಸಿನಲ್ಲಿ ಡ್ರೈವರುಗಳು ಅಂಥ ಕಥೆ ತೆಗೆದರೆ, "ದೆವ್ವ ಹತ್ತಿದ್ರೂ ಟಿಕೀಟ ಹರಿತೀನಿ, ಸುಮ್ನ ಮಕ್ಕೋರಲೇ" ಎಂದು ನಗುತ್ತಿದ್ದೆ. ಅಂಥವನೇ ಇದನ್ನು ಬರೆಯುತ್ತಿದ್ದೇನೆ. ನೀವೂ ನಗಬಹುದು, ಬೇಜಾರಿಲ್ಲ.

ನಾನು ನಿವೃತ್ತನಾದ ವರ್ಷವೇ ಹೆಂಡತಿ ತೀರಿಕೊಂಡಳು. ಬೆಟಗೇರಿಯ ಮನೆ ಬಣಬಣ ಎನ್ನುತ್ತಿತ್ತು. ದಿನಾ ಖಾಕಿ ಅಂಗಿ ತೊಟ್ಟು, ಹಳೆಯ ಸೀಟಿಯನ್ನು ಕಿಸೆಗೆ ಹಾಕಿಕೊಂಡು, ನನ್ನದೇ ಹಳೆಯ ರೂಟಿನ ಗದಗ-ಶಿಗ್ಲಿ ಬಸ್ಸು ಹತ್ತುತ್ತಿದ್ದೆ. ಟಿಕೆಟ್ ತೆಗೆಸಿದರೂ ಕೂರುತ್ತಿರಲಿಲ್ಲ. ಬಾಗಿಲ ಬಳಿ ನಿಂತು ಊರುಗಳ ಹೆಸರು ಕೂಗುತ್ತಿದ್ದೆ. ಕಂಡಕ್ಟರ್ ಅಲ್ಲದಿದ್ದರೆ ನಾನು ಯಾರು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಓಣಿಯವರಿಗೂ ನಾನು ಬರೀ "ಕಂಡಕ್ಟರ". ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನನ್ನಾಕೆಯೂ "ರೀ" ಎನ್ನುತ್ತಿದ್ದಳು. ಮದುವೆಯ ದಿನ ಮಾತ್ರ ನನ್ನ ಅಕ್ಕಂದಿರು ಹೊಸ್ತಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ, ಪ್ರಾಸದ ಒಡಪಿನಲ್ಲಿ ನನ್ನ ಹೆಸರು ಕಟ್ಟಿ ಒಮ್ಮೆ ಹೇಳಿದ್ದಳು. ನಾಚಿ, ಕೊನೆಯಲ್ಲಿ ದನಿ ನುಂಗಿಕೊಂಡು. ಅದೊಂದೇ ಸಲ.

ಒಂದು ಮಧ್ಯಾಹ್ನ ಶಿಗ್ಲಿಯಿಂದ ಮರಳುವಾಗ ಲಕ್ಷ್ಮೇಶ್ವರದಲ್ಲಿ ಅಜ್ಜಿಯೊಬ್ಬರು ಇನ್ನೂ ಇಳಿಯುತ್ತಿದ್ದರು. ನಾನು ಆ ಕಡೆ ನೋಡದೆ, ರೂಢಿಯಂತೆ ಸೀಟಿ ಊದಿಬಿಟ್ಟೆ! ಡ್ರೈವರ್ ಬಸ್ಸು ಬಿಟ್ಟ. ಕಂಡಕ್ಟರ್ ಹುಡುಗಿ ಓಡಿಬಂದು ಅಜ್ಜಿಯ ರಟ್ಟೆ ಹಿಡಿಯದಿದ್ದರೆ ಗಾಲಿಯ ಕೆಳಗೇ ಹೋಗುತ್ತಿದ್ದರು.

"ಸೀಟಿ ಊದೂದು ನನ್ನ ಕೆಲಸ ಐತ್ರಿ ಕಾಕಾ! ಅಜ್ಜಿಗೆ ಏನರ ಆಗಿದ್ರ?" ಎಂದು ಹುಡುಗಿ ಬೈದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ ಕೂರಲಿಲ್ಲ. ಕೂತರೆ ಎಲ್ಲ ಮುಗಿದಂತೆ ಎಂಬ ಹೆದರಿಕೆ.

ಶಿರಹಟ್ಟಿ ದಾಟಿದ ಮೇಲೆ ಬಸ್ಸಿನಲ್ಲಿ ಹೆಚ್ಚು ಜನ ಇರಲಿಲ್ಲ. ಮುಂದೆ ಇಬ್ಬರು ತೂಕಡಿಸುತ್ತಿದ್ದರು. ಆಗ ಬೆನ್ನ ಹಿಂದೆ, ಕಿವಿಯ ಹತ್ತಿರವೇ, ಮೆಲ್ಲಗೆ ಕೇಳಿಸಿತು: "ಫಕೀರಪ್ಪನವರ... ಸಾಕು. ಕುಂಡ್ರಿ."

ಅಂದು ಹೊಸ್ತಿಲಲ್ಲಿ ಆದಂತೆಯೇ ಹೆಸರಿನ ಕೊನೆಯಲ್ಲಿ ದನಿ ನುಂಗಿಹೋಗಿತ್ತು. ತಿರುಗಿ ನೋಡಿದೆ. ಹಿಂದಿನ ಸೀಟುಗಳೆಲ್ಲ ಖಾಲಿ.

"ನನ್ನ ಕರದೇನವಾ?" ಎಂದು ಹುಡುಗಿಯನ್ನು ಕೇಳಿದೆ.

"ಇಲ್ರಿ. ನಿಮ್ಮ ಹೆಸರ ಏನಂತ ನನಗ ಗೊತ್ತಽ ಇಲ್ಲಲ್ರಿ ಕಾಕಾ."

"ಫಕೀರಪ್ಪ" ಎಂದೆ. ನನ್ನ ಬಾಯಿಂದ ಆ ಹೆಸರು ಬಂದು ಎಷ್ಟು ವರ್ಷವಾಗಿತ್ತೋ! ಸೀಟಿ ತೆಗೆದು ಆಕೆಯ ಕೈಗಿಟ್ಟೆ. ಕಿಟಕಿಯ ಪಕ್ಕ ಕುಳಿತೆ. ಮೂವತ್ತು ವರ್ಷ ಓಡಾಡಿದ ದಾರಿಯ ಹೊಲಗಳನ್ನು ಅವತ್ತೇ ಕೂತು ನೋಡಿದ್ದು. ಗದಗ ಬರುವವರೆಗೂ ಕಣ್ಣೀರು ನಿಲ್ಲಲಿಲ್ಲ.

ಈಗ ಖಾಕಿ ತೊಡುವುದಿಲ್ಲ. ಆ ದನಿ ಒಂಟಿ ಮುದುಕನ ಮನಸ್ಸಿನ ಆಟ ಎನ್ನುತ್ತಾರೆ, ಇರಬಹುದು. ಆದರೆ ಮನಸ್ಸಿನ ಆಟವೇ ಆಗಿದ್ದರೆ, ಅಷ್ಟು ವರ್ಷ ದಿನಾ ಕೇಳಿದ "ರೀ" ತಾನೇ ಕೇಳಿಸಬೇಕಿತ್ತು?