ಎರೆಮಣ್ಣಿಗೆ ಬಂದ ಸೀತಾಳಿ ದಂಡಿ

ಹಂಚಿನ ಮೇಲೊಂದು ರೊಟ್ಟಿ ಇತ್ತು, ಕೈಯಲ್ಲಿ ಇನ್ನೊಂದರ ಹಿಟ್ಟಿನ ಉಂಡಿ. ಆಗ ಅಣ್ಣಿಗೇರಿಯಿಂದ ನಾದಿನಿಯ ಫೋನ್ ಬಂತು.

"ವೈನಿ, ಗಿಡದ ಬೇರು ಕೊಳತಾವ್ರಿ," ಎಂದಳು. ಮುಂದೆ ಬರೀ ಅಳು.

ಗಿಡವೆಂದರೆ ಸೀತಾಳಿ ದಂಡಿ. ನಮ್ಮ ಊರು ಕಲಘಟಗಿ ಕಡೆ. ಹೊಲದಾಚೆಯ ಗುಡ್ಡದಲ್ಲಿ ಒಂದು ಕರಿಬಂಡೆ. ಚಿಟಿಕೆ ಮಣ್ಣಿಲ್ಲದ ಆ ಕಲ್ಲನ್ನು ಬೆರಳಿನಂಥ ಬೇರುಗಳಿಂದ ಒತ್ತಿ ಹಿಡಿದು ಅದು ಕೂತಿರುತ್ತಿತ್ತು. ಬೇಸಿಗೆಯಲ್ಲಿ ಆ ಬಂಡೆ ಕಾಲಿಡಗೊಡುವುದಿಲ್ಲ. ಗಿಡದ ದಪ್ಪ ಎಲೆ ಸುಕ್ಕುಗಟ್ಟಿದರೂ ಜೀವ ಬಿಡುತ್ತಿರಲಿಲ್ಲ. ಮೊದಲ ಮಳೆಗೆ ನಸುಗೆಂಪು ಹೂವಿನ ಗೊಂಚಲು ಇಳಿಬಿಡುತ್ತಿತ್ತು. ಅತ್ತೆ ಪ್ರತಿ ವರ್ಷ ಒಂದೇ ಗೊಂಚಲನ್ನು ಲಿಂಗಪೂಜೆಗೆ ತರುತ್ತಿದ್ದರು. ಉಳಿದದ್ದನ್ನು ಮುಟ್ಟಿದವರಲ್ಲ.

ಆ ಸಲ ಅವರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ನೋಡಲು ಬಂದ ನಾದಿನಿ, ಅವ್ವನಿಗೆ ಮಲಗಿದಲ್ಲೇ ಹೂ ಕಾಣಲಿ ಎಂದು, ಯಾರನ್ನೂ ಕೇಳದೆ ಗಿಡ ಕಿತ್ತುಕೊಂಡು ಬಂದಳು. ತನ್ನೂರಲ್ಲಿ ಬೆಳೆಸಿ, ಹೂ ಬಿಟ್ಟ ಕುಂಡವನ್ನೇ ತರುತ್ತೇನೆಂದು ಹೇಳಿ ಹೋದಳು. ಅಂದಿನಿಂದ ಅತ್ತೆ ದಿನವೂ ಮೊಗ್ಗು ಬಂತೇ ಎಂದು ಕೇಳುತ್ತಿದ್ದರು. ಹತ್ತಿ, ಕಡಲೆ, ಗೋದಿ, ಏನು ಹಾಕಿದರೂ ಬರುವ ಎರೆಭೂಮಿ ನಾದಿನಿಯದು. ಆ ನಂಬಿಕೆಯಿಂದಲೇ ಕುಂಡದ ತುಂಬ ಎರೆಮಣ್ಣು ಒತ್ತಿ, ಸಗಣಿಗೊಬ್ಬರ ಹಾಕಿ, ಎರಡೂ ಹೊತ್ತು ನೀರುಣಿಸಿದ್ದಳು.

ಗಿಡ ತೊಗೊಂಡು ಈಗಲೇ ಬಾ ಎಂದೆ. ಅತ್ತೆಯಿಂದ ಮುಚ್ಚಿಡಲು ಮನಸ್ಸಾಗಲಿಲ್ಲ, ಇದ್ದದ್ದು ಇದ್ದಂತೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

ಮಧ್ಯಾಹ್ನ ಬಸ್ಸಿಳಿದು ಬಂದ ಮಗಳು ಗಿಡ ಸುತ್ತಿದ್ದ ಟವೆಲ್ ಬಿಚ್ಚಿದಳು. ಅತ್ತೆ ಮಲಗಿದಲ್ಲೇ ಬೇರುಗಳನ್ನು ಒಂದೊಂದಾಗಿ ಸವರಿ ನೋಡಿದರು. ಬಹಳಷ್ಟು ಬಾಳೆಹಣ್ಣಿನಂತೆ ಮೆತ್ತಗಾಗಿದ್ದವು. ನಡುವೆ ಎರಡು ಮಾತ್ರ ಗಟ್ಟಿ.

"ಅಗದಿ ಅಣ್ಣಿಗೇರಿಯಾಕಿ ಆದೆಲ್ಲ ಬೇ," ಎಂದರು. "ಉಪಾಸ ಇರಾಕಿಗೆ ದಿನಾ ಹೋಳಿಗಿ ಉಣಿಸೀದಿ."

ಮಗಳು ಅಳುತ್ತಲೇ ನಕ್ಕಳು. ಹೂ ಇನ್ನು ನಿನಗೆ ಸಿಗುವುದಿಲ್ಲವಲ್ಲ ಅವ್ವ ಎಂದಳು.

"ನನಗ ಹೂ ಬ್ಯಾಡ. ಅದಕ್ಕ ಅದರ ಕಲ್ಲು ಕೊಡ್ರಿ."

ಕೊಳೆತ ಬೇರು ಕತ್ತರಿಸಿದೆವು. ಅತ್ತೆ ತಮ್ಮ ಹಳೇ ಸೀರೆಯ ಅಂಚನ್ನು ಹರಿದು ಕೊಟ್ಟರು. ನಾವಿಬ್ಬರೂ ಗುಡ್ಡ ಹತ್ತಿದೆವು. ಬಂಡೆಯ ಮೇಲೆ ಹಳೆಯ ಬೇರುಗಳ ಬಿಳಿ ಗುರುತು ಹಾಗೇ ಇತ್ತು. ಅದರ ಮೇಲೇ ಗಿಡ ಇಟ್ಟು, ಸೀರೆಯಂಚಿನಿಂದ ಬಿಗಿದೆವು. ನೀರು ಹಾಕಲು ನಾದಿನಿ ಚೊಂಬು ತಂದಿದ್ದಳು, ನಾನು ಹಾಕಗೊಡಲಿಲ್ಲ.

ಆ ವರ್ಷ ಅತ್ತೆಯ ಲಿಂಗಕ್ಕೆ ಬರೀ ಬಿಲ್ವಪತ್ರೆ. ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಗುಡ್ಡಕ್ಕೆ ಹೋದೆ. ಸೀರೆಯ ಅಂಚು ಪಾಚಿಗಟ್ಟಿತ್ತು. ಅದರ ಕೆಳಗಿಂದ ಹೊಸ ಬೇರೊಂದು ಹೊರಬಂದು, ಹಸಿರು ತುದಿಯನ್ನು ಕಲ್ಲಿಗೆ ಒತ್ತಿತ್ತು. ಶಿವನೇ ಎಂದು ಅಲ್ಲೇ ಕೈ ಮುಗಿದೆ.

ಬಂದು ಹೇಳಿದಾಗ ಅತ್ತೆ ಲಿಂಗವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ, ಮಗಳಿಗೆ ಫೋನ್ ಮಾಡಿ ಹೇಳು ಎಂದರು. ಹೇಳಿದೆ. ಗುಡ್ಡಕ್ಕೆ ಹೋಗುವ ಮುಂಚೆ ಮೊರಕ್ಕೆ ಹಾಕಿಟ್ಟ ತೊಗರಿಬೇಳೆ ಹಾಗೇ ಇತ್ತು. ಕೂತು ಹರಳು ಆರಿಸತೊಡಗಿದೆ.