ಕುಣಿಗಲ್ ರಸ್ತೆಯ ಸ್ಪ್ಯಾನಿಷ್ ಪಾಠ

ಮೇಷ್ಟ್ರ ಹಣೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಇತ್ತು. ಮೂವತ್ತು ವರ್ಷ ಬಿಗಿಯಾದ ಕರಿ ಟೋಪಿ ಹಾಕಿ ಬಿದ್ದ ಗೆರೆ; ಟೋಪಿ ತೆಗೆದರೂ ಹೋಗುತ್ತಿರಲಿಲ್ಲ. ಯಾರು ಏನು ಹೇಳಿದರೂ ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತ 'ಹೂಂ, ಹೂಂ' ಅನ್ನುತ್ತಿದ್ದರು. ಗುಬ್ಬಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ತಮಗೆ ತಿಳಿಯದು ಎಂದು ತರಗತಿಯಲ್ಲಿ ಒಮ್ಮೆಯೂ ಹೇಳಿದವರಲ್ಲ.

ಅರವತ್ತರ ದಶಕದ ಮೊದಲಲ್ಲಿ ಅವರು ನಿವೃತ್ತರಾಗಿ ತುಮಕೂರಿನ ಬಟವಾಡಿಗೆ ಬಂದರು. ಪಕ್ಕದ ಕೋಣೆಯಲ್ಲಿ ನಾನಿದ್ದೆ. ಊರಿನ ಪತ್ರಿಕೆಯೊಂದಕ್ಕೆ ಆಗಷ್ಟೇ ವರದಿಗಾರನಾಗಿ ಸೇರಿದ್ದೆ.

ಕುಣಿಗಲ್ ರಸ್ತೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಸಣ್ಣ ಆಸ್ಪತ್ರೆ ಇತ್ತು. ಸ್ಪೇನಿನಿಂದ ಬಂದಿದ್ದ, ಐವತ್ತು ದಾಟಿದ ಸಿಸ್ಟರ್ ಒಬ್ಬರು ಅಲ್ಲಿ ಕನ್ನಡ ಕಲಿಯಬೇಕೆಂದರು. ಮೇಷ್ಟ್ರು ಒಪ್ಪಿದರು, ಪ್ರತಿಯಾಗಿ ಅವರ ಭಾಷೆ ಕೇಳಿದರು. ದಿನಾ ಬೆಳಿಗ್ಗೆ ಇಬ್ಬರೂ ಜಗಲಿಯಲ್ಲಿ ಕೂರುವುದು, ಕಣ್ಣೆದುರು ನಡೆಯುತ್ತಿರುವುದನ್ನು ಮಾತ್ರ ಹೇಳುವುದು. ಸಿಸ್ಟರ್ ಕನ್ನಡದಲ್ಲಿ, ಮೇಷ್ಟ್ರು ಸ್ಪ್ಯಾನಿಷ್‌ನಲ್ಲಿ. ಹೆಂಗಸು ಕಾಯುತ್ತಿದ್ದಾಳೆ. ಮಗು ಅಳುತ್ತಿದೆ. ಎತ್ತು ಮೆಲುಕು ಹಾಕುತ್ತಿದೆ. ನಿನ್ನೆಯ ಮಾತು, ನಾಳೆಯ ಮಾತು ಎರಡನೇ ವರ್ಷಕ್ಕೆ ಎಂದು ಮೇಷ್ಟ್ರು ಗೊತ್ತುಮಾಡಿದ್ದರು. ಕೇಳಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು.

ಔಷಧಿಗೆ ಬಂದ ಮುದುಕಿಯೊಬ್ಬಳು ಇದನ್ನು ನೋಡಿ, "ಎದ್ರುಗೆ ಇರೋದ್ನೇ ಒಬ್ರಿಗೊಬ್ರು ಹೇಳ್ಕೊಂತಾವ್ರಲ್ಲ, ಕಣ್ ಕಾಣಲ್ವಾ ಇವ್ರಿಗೆ?" ಅಂದಳು. ಸಿಸ್ಟರ್ ಅದನ್ನೂ ಬರೆದುಕೊಳ್ಳಿ ಎಂದರಂತೆ.

ವರ್ಷ ತುಂಬುವ ಮೊದಲೇ ಸಿಸ್ಟರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಕನ್ನಡವೂ ಹೋಯಿತು, ಇಂಗ್ಲಿಷೂ ಹೋಯಿತು. ಹುಟ್ಟಿದ ಭಾಷೆಯೊಂದೇ ಉಳಿಯಿತು. ಉಳಿದ ಸಿಸ್ಟರುಗಳು ಮಂಗಳೂರಿನ ಕಡೆಯವರು, ಅವರಿಗೆ ಅದು ಬಾರದು. ಮೇಷ್ಟ್ರಿಗೆ ಹೇಳಿಕಳಿಸಿದರು. ನಾನೂ ಜೊತೆಗೆ ಹೋದೆ.

ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಗೊತ್ತಿದ್ದುದನ್ನು ಹೇಳಿದರು: "ಎಸ್ತೋಯ್ ಎಸ್ಕುಚಾಂದೊ." ಕೇಳಿಸಿಕೊಳ್ಳುತ್ತಿದ್ದೇನೆ ಎಂದು. ಸಿಸ್ಟರ್ ಎಡಗೈಯಿಂದ ಅವರ ಮಣಿಕಟ್ಟು ಹಿಡಿದು, ಒಂದೇ ಮಾತನ್ನು ಮೂರು ಸಲ ಹೇಳಿದರು. ಮೇಷ್ಟ್ರು ಇನ್ನೊಂದು ಕೈಯಲ್ಲಿ ಬರೆಯುತ್ತಲೇ ಇದ್ದರು. ಹಣೆಯ ಗೆರೆಯಲ್ಲಿ ಬೆವರು ನಿಂತಿತ್ತು. ಆಮೇಲೆ ಕಣ್ಣು ಮುಚ್ಚಿ ತಲೆಯಾಡಿಸಿ, "ಸೀ, ಸೀ" ಅಂದರು. ಹೂಂ, ಹೂಂ. ಸಿಸ್ಟರ ಹಿಡಿತ ಸಡಿಲವಾಯಿತು. ಮತ್ತೆ ಅವರು ಮಾತಾಡಲಿಲ್ಲ. ಮಾರನೆಯ ಮಧ್ಯಾಹ್ನ ತೀರಿಕೊಂಡರು.

ಸತ್ತವರ ಖಾಸಗಿ ಕಾಗದಗಳನ್ನು ಸುಡುವುದು ಅಲ್ಲಿಯ ಪದ್ಧತಿ. ಮೂರನೆಯ ದಿನ ಆಸ್ಪತ್ರೆಯ ಹಿತ್ತಲಲ್ಲಿ ಒಂದು ಕಟ್ಟನ್ನು ಬೆಂಕಿಗೆ ಹಾಕಿದರು. ಮೇಷ್ಟ್ರು ನನ್ನ ಪಕ್ಕದಲ್ಲೇ ನಿಂತಿದ್ದರು. ಪಾಠದ ರೂಢಿಯಲ್ಲಿ, ಉರಿಯುತ್ತಿದೆ ಎಂದು ಸ್ಪ್ಯಾನಿಷ್‌ನಲ್ಲಿ ಹೇಳಿದರು.

ಕೆಲವು ತಿಂಗಳ ಮೇಲೆ ಸ್ಪೇನಿನಿಂದ ಇನ್ನೊಬ್ಬ ಸಿಸ್ಟರ್ ಬಂದರು. ಮೇಷ್ಟ್ರು ನೋಟ್‌ಬುಕ್ ತೆಗೆದು ಕೊನೆಯ ಪುಟ ಓದಿದರು. ಆಕೆ ಎರಡು ಸಲ ಓದಿಸಿ, ಇಂಗ್ಲಿಷಿನಲ್ಲಿ ಅರ್ಥ ಹೇಳಿದರು. ಹಾಸಿಗೆಯ ಕೆಳಗೆ ಅಮ್ಮನಿಗೆ ಬರೆದ ಕಾಗದಗಳಿವೆ, ಅಂಚೆಗೆ ಹಾಕಲಿಲ್ಲ. ಇವರು ಸುಟ್ಟುಬಿಡುತ್ತಾರೆ. ನೀವು ತೆಗೆದು ಕಳಿಸುತ್ತೀರಾ?

ಅಂದಿನಿಂದ ಮೇಷ್ಟ್ರು ತಲೆಯಾಡಿಸುವುದನ್ನು ಬಿಟ್ಟರು. ಅಂಗಡಿಯಲ್ಲಿ, ಬಸ್ಸಿನಲ್ಲಿ, "ತಿಳೀಲಿಲ್ಲ, ಇನ್ನೊಂದ್ಸಲ ಹೇಳಪ್ಪ" ಅನ್ನುತ್ತಿದ್ದರು. ಕಿವಿ ಹೋಯಿತೆಂದು ಬೀದಿಯವರು ತಿಳಿದರು. ನನಗೆ ಒಮ್ಮೆ ಮಾತ್ರ ಹೇಳಿದರು: "ತಿಳೀಲಿಲ್ಲ ಅಂದಿದ್ರೆ ಆಯಮ್ಮ ಕೈ ಸನ್ನೇಲಾದ್ರೂ ತೋರಿಸ್ತಿದ್ರು ಕಣೋ. ನಾನು ಹೂಂ ಅಂದೆ. ಸುಮ್ನಾಗ್ಬುಟ್ರು. ನೀನು ಪೇಪರ್‌ನೋನು, ತಿಳೀದೇ ಹೂಂ ಅನ್ಬೇಡ."

ಎರಡು ವರ್ಷದ ನಂತರ ಅದೇ ಆಸ್ಪತ್ರೆಯಲ್ಲಿ ಅವರು ಮಲಗಿದರು. ಶ್ವಾಸಕೋಶ ಕೆಟ್ಟಿತ್ತು. ಕೊನೆಯ ಸಂಜೆ ಏನೋ ತೊದಲಿದರು. ಗುಬ್ಬಿಯಿಂದ ಬಂದಿದ್ದ ಅವರ ತಂಗಿಯ ಮಗ ಕಣ್ಣೊರೆಸಿಕೊಂಡು, "ಆಯ್ತು ಮಾವ, ಆಯ್ತು" ಅಂದ. ಮೇಷ್ಟ್ರು ನನ್ನ ಕಡೆ ನೋಡಿದರು.

"ತಿಳೀಲಿಲ್ಲ ಸಾರ್. ಇನ್ನೊಂದ್ಸಲ ಹೇಳಿ" ಅಂದೆ.

ಹೇಳಿದರು. ಮತ್ತೆ ಕೇಳಿದೆ. ನಾಲ್ಕನೆಯ ಸಲಕ್ಕೆ ತಿಳಿಯಿತು: ಕಾಲಿಗೆ ಚಳಿ ಆಗ್ತಾ ಇದೆ.

ಹೊದಿಸಿದೆ.